ಬಿಸಿಲಿನ ಅಂಕಿ, ಕೋಶದ ಕೊಬ್ಬು

ಏಪ್ರಿಲ್ ಬಂತೆಂದರೆ ಕೊಪ್ಪಳ ಜಿಲ್ಲೆಯ ಮಾತೆಲ್ಲ ಒಂದು ಅಂಕಿಯ ಸುತ್ತ ತಿರುಗತೊಡಗುತ್ತದೆ. ನಿನ್ನೆ 40, ಇವತ್ತು 41. ಭಾಗ್ಯನಗರದ ಮಗ್ಗದ ಮನೆಗಳಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳ ಮುಂದೆ, ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಜನ ಆ ಅಂಕಿ ಹಿಡಿದೇ ಈ ವರ್ಷದ ಬಿಸಿಲನ್ನು ಹೋದ ವರ್ಷದ ಬಿಸಿಲಿನೊಡನೆ ತೂಗುತ್ತಾರೆ. ಪತ್ರಿಕೆಯೂ ಅದನ್ನೇ ಅಚ್ಚು ಮಾಡುತ್ತದೆ, ಟೀವಿಯೂ ಅದನ್ನೇ ಹೇಳುತ್ತದೆ. ಆದರೆ ಹೊಲದ ಪೈರಿನ ಒಂದು ಜೀವಕೋಶದ ಕಡೆಯಿಂದ ನೋಡಿದರೆ ಆ ಗರಿಷ್ಠ ಅಂಕಿ ಹೇಳುವುದು ಅರ್ಧ ಸಂಗತಿ. ಎಷ್ಟು ಬೇಗ ಬಿಸಿ ಏರಿತು, ಹಿಂದಿನ ವಾರ ಹೇಗಿತ್ತು, ರಾತ್ರಿ ಎಷ್ಟರಮಟ್ಟಿಗೆ ತಣಿಯಿತು ಎಂಬುದು ಕೋಶದ ಸಾವು ಬದುಕಿಗೆ ಅಷ್ಟೇ ಮುಖ್ಯ. ಬಿಸಿ ಥಂಡಿಗಳ ಪೆಟ್ಟು ಮೊಟ್ಟಮೊದಲು ಬೀಳುವ ಜಾಗಗಳಲ್ಲಿ ಕೋಶಪೊರೆ ಒಂದು. ಆ ಪೊರೆ ಬಹುಪಾಲು ಕೊಬ್ಬಿನದು. ಕಾಲಕ್ಕೆ ತಕ್ಕಂತೆ ಆ ಕೊಬ್ಬನ್ನು ಜೀವಿ ಬದಲಿಸಿಕೊಳ್ಳಬಲ್ಲದು, ಆದರೆ ಅದಕ್ಕೆ ವ್ಯವಧಾನ ಬೇಕು. ನಮ್ಮ ಕೃಷಿ ಸಲಹೆ, ತಳಿ ಆಯ್ಕೆ, ಶೀತಲಗೃಹ, ಬೆಳೆ ವಿಮೆ ಇವು ಆ ವ್ಯವಧಾನವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ವಾದ.

ಅಡುಗೆಮನೆಯ ಕಪಾಟಿನಲ್ಲಿ ತುಪ್ಪದ ಡಬ್ಬಿ, ಕುಸುಬಿ ಎಣ್ಣೆಯ ಬಾಟಲಿ ಪಕ್ಕಪಕ್ಕ ಇರುತ್ತವೆ. ಜನವರಿಯ ಬೆಳಗ್ಗೆ ತುಪ್ಪಕ್ಕೆ ಚಮಚ ಇಳಿಯುವುದಿಲ್ಲ, ಕುಸುಬಿ ಎಣ್ಣೆ ಮಾತ್ರ ಎಂದಿನಂತೆ ಹರಿಯುತ್ತದೆ. ಎರಡೂ ಕೊಬ್ಬೇ. ಅವುಗಳ ಒಳಗಿನ ಕೊಬ್ಬಿನಾಮ್ಲಗಳು ಕಾರ್ಬನ್ ಪರಮಾಣುಗಳ ಉದ್ದ ಸರಪಳಿಗಳು. ಸರಪಳಿ ನೆಟ್ಟಗಿದ್ದರೆ ಒಂದರ ಮಗ್ಗುಲಿಗೆ ಇನ್ನೊಂದು ಒತ್ತಾಗಿ ಕೂರುತ್ತದೆ, ಕೊಬ್ಬು ಗಟ್ಟಿಯಾಗುತ್ತದೆ. ಸರಪಳಿಯಲ್ಲಿ ಒಂದು ದ್ವಿಬಂಧ ಇದ್ದರೆ ಆ ಜಾಗದಲ್ಲಿ ಅದು ಬಾಗುತ್ತದೆ, ಪಕ್ಕದ ಸರಪಳಿಗಳನ್ನು ದೂರ ತಳ್ಳುತ್ತದೆ, ಕೊಬ್ಬು ದ್ರವವಾಗಿ ಉಳಿಯುತ್ತದೆ. ಸ್ಟಿಯರಿಕ್, ಓಲಿಯಿಕ್, ಲಿನೋಲಿಕ್ ಈ ಮೂರೂ ಆಮ್ಲಗಳಲ್ಲಿ 18 ಕಾರ್ಬನ್‌ಗಳೇ ಇರುವುದು. ಬಾಗುವಿಕೆ ಇಲ್ಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಬೇಕು. ಒಂದು ಬಾಗುವಿಕೆ ಇರುವ ಓಲಿಯಿಕ್ ಆಮ್ಲ ಸುಮಾರು 13 ಡಿಗ್ರಿಗೇ ಕರಗುತ್ತದೆ. ಎರಡು ಬಾಗುವಿಕೆ ಇರುವ ಲಿನೋಲಿಕ್ ಆಮ್ಲ ಶೂನ್ಯಕ್ಕಿಂತ ಐದು ಡಿಗ್ರಿ ಕೆಳಗೂ ದ್ರವ. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಇದೇ ಲಿನೋಲಿಕ್ ಆಮ್ಲ.

ಕೋಶಪೊರೆಯೂ ಇಂಥ ಸರಪಳಿಗಳಿಂದಲೇ ಆದದ್ದು. ಹಾಲೆಂಡಿನ ಲೈಡನ್‌ನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು 1925ರಲ್ಲಿ ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ಹರಡಿ ಅಳೆದು, ಪೊರೆಯಲ್ಲಿ ಕೊಬ್ಬಿನ ಎರಡು ಪದರಗಳಿವೆ ಎಂದರು. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಆ ಎರಡು ಪದರಗಳು ನಿಂತ ಗೋಡೆಯಲ್ಲ, ಪ್ರೋಟೀನುಗಳು ತೇಲಾಡುವ ದ್ರವ ಎಂಬ ಚಿತ್ರ ಕೊಟ್ಟರು. ಪೊರೆಯ ದಪ್ಪ ಸುಮಾರು ಐದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಭಾಗ. ಇಷ್ಟು ತೆಳು ಪೊರೆ ಹದವಾಗಿ ದ್ರವವಾಗಿದ್ದರೆ ಮಾತ್ರ ಅದರೊಳಗಿನ ಪಂಪುಗಳು ಲವಣ ಸಾಗಿಸುತ್ತವೆ, ಎಲೆಯ ಹಸಿರು ಬೆಳಕು ಹಿಡಿಯುತ್ತದೆ. ಗಟ್ಟಿಯಾದರೆ ಪ್ರೋಟೀನುಗಳು ಸಿಕ್ಕಿಕೊಳ್ಳುತ್ತವೆ, ಗಟ್ಟಿ ಭಾಗಕ್ಕೂ ದ್ರವ ಭಾಗಕ್ಕೂ ನಡುವೆ ಸೋರಿಕೆ ಹುಟ್ಟುತ್ತದೆ. ಅತಿಯಾಗಿ ಸಡಿಲವಾದರೆ ಪೊರೆ ತನ್ನ ಪ್ರೋಟೀನುಗಳನ್ನು ಹಿಡಿದಿಡಲಾರದು, ಆಗಲೂ ಸೋರುತ್ತದೆ. ಥಂಡಿಯ ಹಾನಿಯೂ ಬಿಸಿಲಿನ ಹಾನಿಯೂ ಕೊನೆಗೆ ಒಂದೇ ಸೋರಿಕೆಯಾಗಿ ಕಾಣಿಸಿಕೊಳ್ಳುವುದು ಹೀಗೆ.

ನಮ್ಮ ಬೇಸಿಗೆಯ ಅಂಕಿಯೂ ಪ್ರಯೋಗಾಲಯದ ಒಂದು ಅಂಕಿಯೂ ಇಲ್ಲಿ ಅಕ್ಕಪಕ್ಕ ಬಂದು ನಿಲ್ಲುತ್ತವೆ. 16 ಕಾರ್ಬನ್‌ಗಳ ನೆಟ್ಟನೆಯ ಸರಪಳಿ ಎರಡಿರುವ ಒಂದು ಫಾಸ್ಫೋಲಿಪಿಡ್‌ನಿಂದ ಶುದ್ಧ ಪೊರೆ ಮಾಡಿದರೆ ಅದು 41 ಡಿಗ್ರಿಯವರೆಗೆ ಗಟ್ಟಿಯಾಗಿದ್ದು, ಅಲ್ಲಿಂದಾಚೆ ಒಮ್ಮೆಲೇ ದ್ರವವಾಗುತ್ತದೆ. ಅದರ ಎರಡು ಸರಪಳಿಗಳಲ್ಲಿ ಒಂದನ್ನು ತೆಗೆದು ಓಲಿಯಿಕ್ ಸರಪಳಿ ಕೂರಿಸಿದರೆ ಆ ಬದಲಾವಣೆ ಶೂನ್ಯಕ್ಕಿಂತ ಕೆಳಗೆ ಜಾರುತ್ತದೆ. ಒಂದೇ ಒಂದು ಬಾಗುವಿಕೆ ನಲವತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆಳೆಯಿತು. ಜೀವಂತ ಪೊರೆ ನೂರಾರು ಬಗೆಯ ಕೊಬ್ಬುಗಳ ಮಿಶ್ರಣವಾದ್ದರಿಂದ ಅದರಲ್ಲಿ ಇಷ್ಟು ಚೂಪಾದ ಗಡಿ ಇರುವುದಿಲ್ಲ, ಪ್ರಾಣಿಗಳಲ್ಲಿ ಕೊಲೆಸ್ಟರಾಲ್ ಕೂಡ ಈ ಏರಿಳಿತವನ್ನು ಮೆತ್ತಗಾಗಿಸುತ್ತದೆ. ಆದರೂ ಜೀವಿಯ ಕೈಯಲ್ಲಿರುವ ಉಪಾಯ ಯಾವುದೆಂದು ಇದರಿಂದ ತಿಳಿಯುತ್ತದೆ. ಥಂಡಿ ಬಂದಾಗ ಬಾಗಿದ ಸರಪಳಿಗಳನ್ನು ಹೆಚ್ಚಿಸಬೇಕು, ಬಿಸಿ ಏರಿದಾಗ ನೆಟ್ಟನೆಯವನ್ನು ಹೆಚ್ಚಿಸಬೇಕು.

ಜೀವಿಗಳು ಇದನ್ನು ನಿಜವಾಗಿಯೂ ಮಾಡುತ್ತವೆ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ತಾನು ಬೆಳೆದ ತಾಪಮಾನಕ್ಕೆ ತಕ್ಕಂತೆ ಕೊಬ್ಬಿನಾಮ್ಲಗಳ ಪ್ರಮಾಣ ಬದಲಿಸುತ್ತದೆ ಎಂದು ಮಾರ್ ಮತ್ತು ಇಂಗ್ರಾಹಂ 1962ರಲ್ಲಿ ಕಂಡರು. 1974ರಲ್ಲಿ ಸಿನೆನ್‌ಸ್ಕಿ, ಹಾಗೆ ಬದಲಿಸುವ ಮೂಲಕ ಅದು ಪೊರೆಯ ದ್ರವತೆಯನ್ನು ಹೆಚ್ಚುಕಡಿಮೆ ಒಂದೇ ಹದದಲ್ಲಿ ಕಾಯ್ದುಕೊಳ್ಳುತ್ತದೆ ಎಂದು ತೋರಿಸಿದ. 2001ರಲ್ಲಿ ಅರ್ಜೆಂಟೀನಾದ ಡೀಗೊ ದೆ ಮೆಂಡೋಜಾ ಅವರ ತಂಡ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಪೊರೆಯಲ್ಲೇ ಕೂತು ಥಂಡಿಯನ್ನು ಗುರುತಿಸುವ ಪ್ರೋಟೀನನ್ನು ಪತ್ತೆಮಾಡಿತು. ಥಂಡಿಯಲ್ಲಿ ಪೊರೆಯ ಸ್ಥಿತಿ ಬದಲಾದದ್ದನ್ನು ಅದು ಗ್ರಹಿಸಿ, ದ್ವಿಬಂಧ ಕೂರಿಸುವ ಕಿಣ್ವವನ್ನು ಹುಟ್ಟಿಸಲು ಸುದ್ದಿ ಕಳಿಸುತ್ತದೆ. ನಮ್ಮ ಕೆರೆಗಳಲ್ಲೂ ಕೃಷಿ ಹೊಂಡಗಳಲ್ಲೂ ಸಾಕುವ ಸಾಮಾನ್ಯ ಗೆಂಡೆ ಮೀನಿನ ಮೇಲೆ 1996ರಲ್ಲಿ ಇಂಗ್ಲೆಂಡಿನ ಕಾಸಿನ್ಸ್ ತಂಡ ನಡೆಸಿದ ಪ್ರಯೋಗ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. 30 ಡಿಗ್ರಿ ನೀರಿನಲ್ಲಿದ್ದ ಮೀನನ್ನು ಹಂತಹಂತವಾಗಿ 10 ಡಿಗ್ರಿಗೆ ಇಳಿಸಿದಾಗ ಅದರ ಯಕೃತ್ತಿನಲ್ಲಿ ದ್ವಿಬಂಧ ಕೂರಿಸುವ ಕಿಣ್ವ ಹೆಚ್ಚಿತು, ಪೊರೆಯ ಕೊಬ್ಬು ಬದಲಾಯಿತು. ಬ್ಯಾಕ್ಟೀರಿಯಾಕ್ಕೆ ನಿಮಿಷಗಳಲ್ಲಿ ಶುರುವಾಗುವ ಕೆಲಸ ಮೀನಿಗೆ ದಿನಗಳಷ್ಟು ಹಿಡಿಯುತ್ತದೆ. ಗಿಡಗಳಿಗೂ ದಿನಗಳು, ಕೆಲವಕ್ಕೆ ವಾರಗಳು. ಆ ಅವಧಿ ಸಿಗದಿದ್ದರೆ, ಉಪಾಯ ಗೊತ್ತಿರುವ ಜೀವಿಯೂ ಸಾಯುತ್ತದೆ.

ಇದನ್ನೆಲ್ಲ ಗಂಗಾವತಿಯ ಗದ್ದೆಗೆ ತಂದು ನೋಡೋಣ. ತುಂಗಭದ್ರೆಯ ಎಡದಂಡೆ ನಾಲೆಯಲ್ಲಿ ಎರಡನೇ ಬೆಳೆಗೆ ನೀರು ಸಿಗುವ ವರ್ಷ ಡಿಸೆಂಬರ್‌ನಲ್ಲಿ ಸಸಿ ಮಡಿ ಹಾಕುತ್ತಾರೆ, ಜನವರಿಯಲ್ಲಿ ನಾಟಿ. ಭತ್ತ ಉಷ್ಣವಲಯದ ಪೈರು. ನೀರು ಹೆಪ್ಪುಗಟ್ಟುವ ಚಳಿ ಬೇಕಿಲ್ಲ, ರಾತ್ರಿ ಹತ್ತು ಹನ್ನೆರಡು ಡಿಗ್ರಿಯ ಹತ್ತಿರ ಇಳಿದರೂ ಅದರ ಎಳೆ ಸಸಿಗೆ ಸಂಕಟ. ಲಯನ್ಸ್ ಮತ್ತು ರೈಸನ್ 1970ರಲ್ಲಿ, ಥಂಡಿ ತಾಳದ ಗಿಡಗಳ ಮೈಟೊಕಾಂಡ್ರಿಯಾದ ಪೊರೆ ಸರಿಸುಮಾರು ಇದೇ ಮಟ್ಟದಲ್ಲಿ ಬದಲಾಗಿ ಉಸಿರಾಟದ ಕಿಣ್ವಗಳ ಕೆಲಸ ಕುಗ್ಗುತ್ತದೆ ಎಂದು ವರದಿ ಮಾಡಿದ್ದರು. ಡಿಸೆಂಬರ್ ಜನವರಿಯ ರಾತ್ರಿ ನಮ್ಮಲ್ಲಿ 15 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವೇನಲ್ಲ. ಅಂಥ ರಾತ್ರಿಯ ಬೆನ್ನಿಗೇ ಮೋಡವಿಲ್ಲದ ಬೆಳಗಿನ ಚುರುಕು ಬಿಸಿಲು ಬಿದ್ದರೆ ಸಸಿಗೆ ಇಮ್ಮಡಿ ಪೆಟ್ಟು. ಬೆಳಕು ಎಲೆಯ ಹಸಿರಿನೊಳಗಿನ ಒಂದು ಪ್ರೋಟೀನನ್ನು ಸದಾ ಹಾಳುಮಾಡುತ್ತಲೇ ಇರುತ್ತದೆ, ಎಲೆ ಅದನ್ನು ಸದಾ ರಿಪೇರಿ ಮಾಡುತ್ತಲೇ ಇರುತ್ತದೆ. ಪೊರೆ ಬಿಗಿದಾಗ ಹಾಳಾಗುವುದು ನಿಲ್ಲುವುದಿಲ್ಲ, ರಿಪೇರಿ ಮಾತ್ರ ಹಿಂದೆ ಬೀಳುತ್ತದೆ. ಸಸಿ ಹಳದಿಗಟ್ಟುತ್ತದೆ, ಏಳುವುದಿಲ್ಲ.

ಇಂಥ ದಿನಗಳಲ್ಲಿ ಸಂಜೆ ಮಡಿಗೆ ನೀರು ನಿಲ್ಲಿಸಿ, ಬೆಳಗ್ಗೆ ಆ ತಣ್ಣೀರನ್ನು ಹೊರಗೆ ಬಿಡುವ ಪದ್ಧತಿ ಇದೆ. ಬೋರ್‌ವೆಲ್ ಇದ್ದವರಿಗೆ ಇನ್ನೂ ಒಳ್ಳೆಯದು, ನೆಲದಾಳದ ನೀರು ರಾತ್ರಿಯ ಗಾಳಿಗಿಂತ ಬೆಚ್ಚಗಿರುತ್ತದೆ. ಈ ಪದ್ಧತಿಯ ಬಗ್ಗೆ ನನಗೆ ತುಂಬ ಗೌರವ. ಅದು ಥಂಡಿಯನ್ನು ಇಲ್ಲವಾಗಿಸುವುದಿಲ್ಲ. ಇಳಿತವನ್ನು ನಿಧಾನ ಮಾಡುತ್ತದೆ. ಪೊರೆಗೆ ಬೇಕಾದದ್ದು ಅದೇ.

ಈ ಕಥೆಗೆ ಏಪ್ರಿಲ್‌ನ ಬಾಲವೂ ಇದೆ. ಥಂಡಿಗೆ ಸಿಕ್ಕು ಹತ್ತು ಹನ್ನೆರಡು ದಿನ ಹಿಂದೆ ಬಿದ್ದ ಸಸಿ ಹೂವಿಗೆ ಬರುವುದೂ ಅಷ್ಟೇ ತಡ. ಭತ್ತದ ಹೂ ಅರಳುವುದು ಬೆಳಗಿನ ಹೊತ್ತು, ಅರಳಿರುವುದು ಒಂದೆರಡು ಗಂಟೆ. ಆ ಹೊತ್ತಿನಲ್ಲಿ 35 ಡಿಗ್ರಿ ಮೀರಿದರೆ ಪರಾಗ ಸರಿಯಾಗಿ ಬೀಳುವುದಿಲ್ಲ, ಕಾಳು ಜೊಳ್ಳಾಗುತ್ತದೆ. ಮಾರ್ಚ್ ನಡುವಿನಲ್ಲಿ ಅರಳಬೇಕಾದ ಹೂ ಏಪ್ರಿಲ್‌ಗೆ ಜಾರಿದರೆ ಬೇಸಿಗೆಯ ಬಾಯಿಗೇ ಬೀಳುತ್ತದೆ. ಕೊಯ್ಲಿನಲ್ಲಿ ಜೊಳ್ಳು ಕಂಡಾಗ ನಾವು ಏಪ್ರಿಲ್‌ನ ಬಿಸಿಲನ್ನು ಬಯ್ಯುತ್ತೇವೆ. ತಪ್ಪಿನಲ್ಲಿ ಒಂದು ಪಾಲು ಜನವರಿಯ ರಾತ್ರಿಗಳದ್ದೂ ಹೌದು. ಗರಿಷ್ಠದ ಅಂಕಿಯೊಂದನ್ನೇ ನೋಡುವ ಕಣ್ಣಿಗೆ ಈ ನಂಟು ಕಾಣುವುದೇ ಇಲ್ಲ.

ಆನೆಗೊಂದಿಯ ಬಾಳೆ, ಕೊಪ್ಪಳದ ಕೇಸರ್ ಮಾವು ಇದೇ ಪಾಠವನ್ನು ಬೇರೆ ಕಡೆಯಿಂದ ಹೇಳುತ್ತವೆ. ಹಣ್ಣು ಕಿತ್ತ ಮೇಲೂ ಅದರ ಕೋಶಗಳು ಬದುಕಿರುತ್ತವೆ. ಬಾಳೆಯನ್ನು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಕೋಶದೊಳಗಿನ ಚೀಲದ ಪೊರೆ ಬಿಗಿದು ಸೋರುತ್ತದೆ, ಅಲ್ಲಿ ಬೇರೆಯಾಗಿದ್ದ ಫೀನಾಲ್‌ಗಳು ಹೊರಬಂದು ಕಿಣ್ವದ ಕೈಗೆ ಸಿಕ್ಕು ಕಂದುಬಣ್ಣವಾಗುತ್ತವೆ. ಬಲಿತ ಕಾಯಿ ಮಾವಿಗೂ ಮಿತಿ 12, 13 ಡಿಗ್ರಿ. ಅದಕ್ಕಿಂತ ತಣ್ಣಗಿಟ್ಟರೆ ಸಿಪ್ಪೆ ಮಂಕಾಗಿ ಚುಕ್ಕೆಗಟ್ಟುತ್ತದೆ, ಹೊರಗೆ ತೆಗೆದ ಮೇಲೂ ಸರಿಯಾಗಿ ಹಣ್ಣಾಗುವುದಿಲ್ಲ, ವಾಸನೆ ಏಳುವುದಿಲ್ಲ. ಮೇ ತಿಂಗಳಲ್ಲಿ ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ಮಾವು ಮೇಳ ನಡೆಸುತ್ತದೆ. ಆಗ ಶೀತಲಗೃಹ ಬೇಕು ಎಂಬ ಬೇಡಿಕೆ ಕೇಳಿಬರುವುದು ಸಹಜ, ನ್ಯಾಯವೂ ಹೌದು. ಆದರೆ ಒಣಮೆಣಸಿನಕಾಯಿಗೋ ಹುಣಸೆಹಣ್ಣಿಗೋ ಕಟ್ಟಿದ ಕೋಣೆಯಲ್ಲಿ ಮಾವು ಇಟ್ಟರೆ ಹಣ್ಣು ಉಳಿಯುವುದಿಲ್ಲ. ತಣ್ಣಗಿದ್ದಷ್ಟೂ ತಾಜಾ ಎಂಬ ನಂಬಿಕೆ ಉಷ್ಣವಲಯದ ಹಣ್ಣಿನ ಪೊರೆಗೆ ಹೊಂದದು. ಕೋಣೆ ಎಷ್ಟು ಟನ್ನಿನದು ಎಂದು ಕೇಳುವ ಮೊದಲು ಎಷ್ಟು ಡಿಗ್ರಿಯದು, ಹಣ್ಣನ್ನು ಆ ಮಟ್ಟಕ್ಕೆ ಎಷ್ಟು ನಿಧಾನವಾಗಿ ಇಳಿಸುತ್ತಾರೆ ಎಂದು ಬೆಳೆಗಾರ ಕೇಳಬೇಕು.

ಪೊರೆಯ ಕೊಬ್ಬಿಗೆ ಇಷ್ಟೊಂದು ಹೊಣೆ ಹೊರಿಸುವುದು ಸರಿಯೇ? ಈ ಪ್ರಶ್ನೆ ವಿಜ್ಞಾನಿಗಳೊಳಗೇ ಎದ್ದು, ಗಂಭೀರ ಚರ್ಚೆಯಾಗಿದೆ. 1992ರಲ್ಲಿ ಜಪಾನಿನ ನೋರಿಯೊ ಮುರಾಟ ತಂಡ ಒಂದೇ ವಂಶವಾಹಿಯ ಮೂಲಕ ತಂಬಾಕಿನ ಪೊರೆಯ ಒಂದು ಕೊಬ್ಬನ್ನು ಬದಲಿಸಿತು. ಥಂಡಿ ತಾಳದ ಕುಂಬಳ ಜಾತಿಯ ವಂಶವಾಹಿ ಪಡೆದ ತಂಬಾಕು ಥಂಡಿಗೆ ಸೋತಿತು, ಥಂಡಿ ತಾಳುವ ಅರಬಿಡಾಪ್ಸಿಸ್ ಗಿಡದ ವಂಶವಾಹಿ ಪಡೆದದ್ದು ಗಟ್ಟಿಯಾಯಿತು. ಎಲ್ಲ ಇಲ್ಲಿಗೆ ತೀರ್ಮಾನವಾಯಿತು ಎನ್ನುವಷ್ಟರಲ್ಲಿ 1995ರಲ್ಲಿ ಅಮೆರಿಕದ ವೂ ಮತ್ತು ಬ್ರೌಸ್ ಒಂದು ತೊಡಕು ಮುಂದಿಟ್ಟರು. ಅದೇ ಕೊಬ್ಬಿನಲ್ಲಿ ನೆಟ್ಟನೆಯ ಸರಪಳಿಗಳು ತುಂಬಿದ್ದ ಒಂದು ಅರಬಿಡಾಪ್ಸಿಸ್ ಗಿಡ ಥಂಡಿಯಲ್ಲಿಟ್ಟರೂ ಸೂಕ್ಷ್ಮ ಗಿಡಗಳಂತೆ ತಟ್ಟನೆ ಬಾಡಲಿಲ್ಲ. ಅದು ಸೊರಗಿದ್ದು ವಾರಗಟ್ಟಲೆ ಥಂಡಿಯಲ್ಲಿದ್ದ ಮೇಲೆ. ಬಿಸಿಲಿನ ಕಡೆಯಲ್ಲೂ ಇದೇ ತರಹ. ಉಷ್ಣ ಆಘಾತ ಪ್ರೋಟೀನುಗಳು, ಎಲೆಯ ಕಿಣ್ವಗಳು, ಬೇರು ಎತ್ತಿಕೊಡುವ ನೀರು ಎಲ್ಲಕ್ಕೂ ಪಾತ್ರವಿದೆ. ಹಾಗಾಗಿ ಕೊಬ್ಬೇ ಸರ್ವಸ್ವ ಎಂದು ನಾನು ಹೇಳುವುದಿಲ್ಲ. ಆದರೆ ಬ್ರೌಸ್ ಅವರ ಗಿಡದಲ್ಲೂ ಉತ್ತರ ನಿಂತದ್ದು ಅವಧಿಯ ಮೇಲೆ, ಎಷ್ಟು ದಿನ ಎಂಬುದರ ಮೇಲೆ. ಒಂದು ಹೊತ್ತಿನ ತಾಪಮಾನದಿಂದ ಗಿಡದ ಗತಿ ಹೇಳಲಾಗದು ಎಂಬ ಮಾತನ್ನು ಅವರ ತಕರಾರು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ.

ಬಿಸಿಲಿಗೆ ಬರೋಣ. 2000ದಲ್ಲಿ ಜಪಾನಿನದೇ ಕೋ ಇಬಾ ತಂಡ, ಎಲೆಯ ಹಸಿರಿನ ಪೊರೆಯಲ್ಲಿ ಮೂರು ದ್ವಿಬಂಧದ ಕೊಬ್ಬಿನಾಮ್ಲಗಳನ್ನು ತಗ್ಗಿಸಿದ ತಂಬಾಕು ಹೆಚ್ಚಿನ ಬಿಸಿಯನ್ನು ಇತರ ತಂಬಾಕಿಗಿಂತ ಚೆನ್ನಾಗಿ ತಾಳುತ್ತದೆ ಎಂದು ತೋರಿಸಿತು. ಹೊಲಕ್ಕೆ ಇನ್ನೂ ಹತ್ತಿರದ ಕೆಲಸ ಜೋಳದ ಮೇಲೆ ನಡೆದದ್ದು. ಎಲೆಯ ತುಣುಕುಗಳನ್ನು ಬಿಸಿನೀರಿನಲ್ಲಿಟ್ಟು, ಪೊರೆಯಿಂದ ಸೋರಿದ ಲವಣವನ್ನು ನೀರಿನ ವಿದ್ಯುದ್ವಾಹಕತೆಯಿಂದ ಅಳೆಯುವ ವಿಧಾನವನ್ನು ಅಮೆರಿಕದ ಸಲಿವನ್ ವಿವರಿಸಿದ್ದು 1972ರಲ್ಲಿ ಭಾರತದಲ್ಲಿ ಪ್ರಕಟವಾದ ಜೋಳದ ಸಂಶೋಧನಾ ಸಂಪುಟವೊಂದರಲ್ಲಿ. ಕಡಿಮೆ ಸೋರಿದ ತಳಿ ಬಿಸಿಲು ತಾಳುವ ತಳಿ. ಯಲಬುರ್ಗಾದ ಎರೆ ಹೊಲದ ಹಿಂಗಾರಿ ಜೋಳಕ್ಕೂ ಇದನ್ನು ಕಡಿಮೆ ಖರ್ಚಿನಲ್ಲಿ ಮಾಡಿ ನೋಡಬಹುದು.

ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಜಿಕೆವಿಕೆಯ ಬೆಳೆ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ಎಂ. ಉದಯಕುಮಾರ್ ಮತ್ತು ಸಹೋದ್ಯೋಗಿಗಳು ಸಸಿಗಳನ್ನು ನೇರವಾಗಿ ಸಾಯುವ ಬಿಸಿಗೆ ಒಡ್ಡುವುದರ ಬದಲು, ಮೊದಲು ಸಾಯದಷ್ಟು ಬಿಸಿಗೆ ಮೆಲ್ಲಗೆ ಏರಿಸಿ, ಆಮೇಲೆ ತೀವ್ರ ಬಿಸಿ ಕೊಟ್ಟು, ಬದುಕುಳಿದವನ್ನು ಆರಿಸುವ ವಿಧಾನ ರೂಢಿಸಿದರು. ನೇರ ಪೆಟ್ಟಿನಲ್ಲಿ ಎಲ್ಲ ತಳಿಗಳೂ ಒಂದೇ ಥರ ಸಾಯುತ್ತವೆ, ವ್ಯತ್ಯಾಸ ಮುಚ್ಚಿಹೋಗುತ್ತದೆ. ಅಣಿಯಾಗಲು ಅವಕಾಶ ಕೊಟ್ಟಾಗಲೇ ಯಾವ ಸಸಿಗೆ ಬದಲಾಗುವ ಶಕ್ತಿ ಇದೆ ಎಂದು ಕಾಣುತ್ತದೆ. ಈ ವಿಧಾನದಿಂದ ಕೆಬಿಎಸ್‌ಎಚ್-1 ಸೂರ್ಯಕಾಂತಿ ಹೈಬ್ರಿಡ್‌ನ ಪೋಷಕ ಸಾಲುಗಳಲ್ಲಿ ಬಿಸಿ ತಾಳುವ ಸಸಿಗಳನ್ನು ಆರಿಸಿದ ಕೆಲಸ 2003ರಲ್ಲಿ ಪ್ರಕಟವಾಯಿತು. ಸಸಿಯ ಈ ತಾಳಿಕೆಯಲ್ಲಿ ಪೊರೆಯೊಂದೇ ಇಲ್ಲ, ಪ್ರೋಟೀನುಗಳೂ ಸೇರಿವೆ. ಆದರೂ ಹೊಲದ ಸತ್ಯವನ್ನು ಇಷ್ಟು ಹತ್ತಿರದಿಂದ ಹಿಡಿದ ಪರೀಕ್ಷೆ ಕರ್ನಾಟಕದಲ್ಲೇ ಹುಟ್ಟಿತು ಎಂಬುದು ನಮ್ಮ ರೈತರಿಗೆ ಗೊತ್ತಾಗಬೇಕು. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಎರಡನೇ ಬೆಳೆಯ ಭತ್ತದ ತಳಿಗಳನ್ನು ಜನವರಿಯ ಥಂಡಿಗೂ ಏಪ್ರಿಲ್‌ನ ಬಿಸಿಗೂ ಹೀಗೆ ಮೆಲ್ಲಗೆ ಒಡ್ಡಿ ಆರಿಸಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

ಸೂರ್ಯಕಾಂತಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 1965ರಲ್ಲಿ ಕ್ಯಾನ್ವಿನ್ ಎಂಬ ವಿಜ್ಞಾನಿ, ತಂಪಿನಲ್ಲಿ ಕಾಳು ಕಟ್ಟಿದ ಸೂರ್ಯಕಾಂತಿಯ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಬಿಸಿಯಲ್ಲಿ ಕಟ್ಟಿದ್ದರಲ್ಲಿ ಓಲಿಯಿಕ್ ಹೆಚ್ಚು ಎಂದು ಕಂಡ. ಕುಸುಬಿಯ ಎಣ್ಣೆ ಮಾತ್ರ ತಾಪಮಾನಕ್ಕೆ ಹೆಚ್ಚು ಬದಲಾಗಲಿಲ್ಲ. ಕಾಳಿನ ಎಣ್ಣೆ ಶೇಖರಣೆಯದು, ಪೊರೆಯದಲ್ಲ, ಇವೆರಡನ್ನು ಕಲಸಬಾರದು. ಆದರೂ ದ್ವಿಬಂಧ ಕೂರಿಸುವ ಕಿಣ್ವ ಬಿಸಿ ಥಂಡಿಗಳಿಗೆ ಹೇಗೆ ಕುಣಿಯುತ್ತದೆ ಎಂಬುದು ಸೂರ್ಯಕಾಂತಿಯ ಕಾಳಿನಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಒಂದೇ ಬೀಜ, ಬಿತ್ತಿದ ತಿಂಗಳು ಬೇರೆಯಾದರೆ ಎಣ್ಣೆಯೂ ಬೇರೆ.

ಭಾಗ್ಯನಗರದ ಸೀರೆ ಮಗ್ಗಗಳಲ್ಲೂ ಕೂದಲು ಬಿಡಿಸುವ ಶೆಡ್ಡುಗಳಲ್ಲೂ ದುಡಿಯುವವರ ಮೈಯೊಳಗೆ ಪೊರೆ ಹೀಗೆ ಬದಲಾಗಬೇಕಿಲ್ಲ, ಮನುಷ್ಯನ ಒಡಲು 37 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಆದರೆ ಆ 37ನ್ನು ಕಾಯುವ ಬೆವರು ಮತ್ತು ರಕ್ತದ ಏರ್ಪಾಡು ಬಿಸಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ತೆಗೆದುಕೊಳ್ಳುತ್ತದೆ. ಮಾರ್ಚ್ ಕೊನೆಯಲ್ಲಿ ಎರಡೇ ದಿನದಲ್ಲಿ ಏರಿದ 40 ಡಿಗ್ರಿ ಮೇ ತಿಂಗಳ 42ಕ್ಕಿಂತ ಅಪಾಯಕಾರಿ ಆಗಬಲ್ಲದು. ತಗಡಿನ ಸೂರಿನ ಕೆಳಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನಗಳಲ್ಲಿ ಕಡಿಮೆ ಗಂಟೆಗಳ ಕೆಲಸ ಕೊಡಬೇಕು, ಅದು ದಯೆಯ ಮಾತಲ್ಲ, ಶರೀರದ ಅಗತ್ಯ.

ರಾತ್ರಿಯ ಲೆಕ್ಕವೂ ಹೀಗೆಯೇ ಕೈಬಿಟ್ಟುಹೋಗಿದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ಲೆಕ್ಕ 2004ರಲ್ಲಿ ಪ್ರಕಟವಾದಾಗ, ಬೇಸಿಗೆ ಬೆಳೆಯಲ್ಲಿ ಕನಿಷ್ಠ ತಾಪಮಾನ 1 ಡಿಗ್ರಿ ಏರಿದರೆ ಇಳುವರಿ ಶೇ. 10ರಷ್ಟು ಇಳಿದದ್ದು ಕಂಡಿತು. ಗರಿಷ್ಠ ತಾಪಮಾನಕ್ಕೂ ಇಳುವರಿಗೂ ಅಂಥ ಗಟ್ಟಿ ನಂಟು ಕಾಣಲಿಲ್ಲ. ಅದಕ್ಕೆ ಪೊರೆಯೊಂದೇ ಕಾರಣವಲ್ಲ, ರಾತ್ರಿಯ ಉಸಿರಾಟದಲ್ಲಿ ಸುಟ್ಟುಹೋಗುವ ಸಕ್ಕರೆಯೂ ಇದೆ. ಆದರೂ ಪೈರಿನ ರಿಪೇರಿಗೆ ಸಿಗುವ ಬಿಡುವು ರಾತ್ರಿಯದು, ಅದನ್ನೇ ನಾವು ಅಳೆದೂ ಹೇಳುತ್ತಿಲ್ಲ.

ಅಳತೆಯ ಸಾಧನ ನಮ್ಮಲ್ಲಿ ಇಲ್ಲದೇ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ತಾಪಮಾನ ದಾಖಲಿಸುವ ಹವಾಮಾನ ಕೇಂದ್ರಗಳನ್ನೂ ಇಟ್ಟಿದೆ. ಫೋನು ಮಾಡಿದ ರೈತರಿಗೆ ಮಾಹಿತಿ ಕೊಡಲು ವರುಣಮಿತ್ರ ಸಹಾಯವಾಣಿ ಇದೆ. ಆ ದಾಖಲೆಯಿಂದಲೇ ಕಳೆದ ಮೂರು ದಿನದಲ್ಲಿ ಎಷ್ಟು ಡಿಗ್ರಿ ಏರಿತು ಅಥವಾ ಇಳಿಯಿತು, ರಾತ್ರಿ 15ಕ್ಕಿಂತ ಕೆಳಗೆ ಎಷ್ಟು ಗಂಟೆ ಇತ್ತು, ಬೆಳಗಿನ ಹೂವಿನ ಹೊತ್ತಿನಲ್ಲಿ 35 ಮೀರಿತೇ ಎಂಬುದನ್ನು ಲೆಕ್ಕ ಹಾಕಿ ಹೋಬಳಿವಾರು ತಿಳಿಸಬಹುದು. ಮಾವು, ದಾಳಿಂಬೆಯಂಥ ತೋಟದ ಬೆಳೆಗಳಿಗೆ 2016ರಿಂದ ಹವಾಮಾನ ಆಧಾರಿತ ಬೆಳೆ ವಿಮೆ ಹೊಸ ರೂಪದಲ್ಲಿ ಜಾರಿಯಲ್ಲಿದೆ. ಹವಾಮಾನದ ಅಂಕಿ ಗೊತ್ತುಮಾಡಿದ ಮಿತಿ ದಾಟಿದರೆ ಪರಿಹಾರ ಎಂಬುದು ಅದರ ಮೂಲ ಲೆಕ್ಕ. ಆ ಮಿತಿಗಳನ್ನು ಗೊತ್ತುಮಾಡುವಾಗ ಏರಿಳಿತದ ವೇಗವೂ ಒಂದು ಅಳತೆಯಾಗಬೇಕು. ಹೂ ಕಟ್ಟುವ ವಾರದಲ್ಲಿ ಎರಡು ದಿನದೊಳಗೆ ಆರು ಡಿಗ್ರಿ ಜಿಗಿದ ಬಿಸಿ, ಗರಿಷ್ಠದ ಮಿತಿಯನ್ನು ಮುಟ್ಟದೆಯೂ ತೋಟವನ್ನು ಕೆಡಿಸಬಲ್ಲದು. ಆ ಜಿಗಿತ ಹೋಬಳಿಯ ಯಂತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ಪಾಲಿಸಿಯ ಷರತ್ತಿನೊಳಗೆ ಬರೆಯುವಂತೆ ಬೆಳೆಗಾರರ ಸಂಘಗಳು ಮುಂದಿನ ಹಂಗಾಮಿನ ಅಧಿಸೂಚನೆ ಹೊರಡುವ ಮೊದಲೇ ಕೇಳಬೇಕು.